917ರಲ್ಲಿ ಅಷ್ಟು ದೊಡ್ಡ ಗೆಲುವು ಸಿಕ್ಕ ಮೇಲೂ ಸಿಮೆಯೋನ್ ಕಾನ್‌ಸ್ಟಾಂಟಿನೋಪಲ್ ಯಾಕೆ ಹಿಡಿಯಲಿಲ್ಲ?

ಕಡಲಂಚು:
ಬಲ್ಗೇರಿಯಾದ ದೊರೆ ಸಿಮೆಯೋನ್ ಬಗ್ಗೆ ಒಂದು ವಾರದಿಂದ ಓದುತ್ತಿದ್ದೇನೆ. ಒಂದು ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ.

917ರ ಆಗಸ್ಟ್ 20. ಕಪ್ಪು ಸಮುದ್ರದ ದಡ, ಅಖೆಲೋಯ್ ಹೊಳೆ. ಬೈಜಾಂಟೈನರು, ಅಂದರೆ ಕಾನ್‌ಸ್ಟಾಂಟಿನೋಪಲ್‌ನಿಂದ (ಈಗಿನ ಇಸ್ತಾಂಬುಲ್) ಆಳುತ್ತಿದ್ದ ಪೂರ್ವ ರೋಮನ್ನರು, ಪೂರ್ವದಲ್ಲಿ ಅರಬರ ಜೊತೆ ರಾಜಿ ಮಾಡಿಕೊಂಡು, ಅಲ್ಲಿದ್ದ ದಂಡನ್ನೆಲ್ಲ ಈ ಕಡೆಗೆ ತಂದಿದ್ದರು. ಸೇನಾಪತಿ ಲಿಯೋ ಫೋಕಾಸ್. ಒಂದೇ ದಿನದಲ್ಲಿ ಆ ಇಡೀ ದಂಡು ನಾಶವಾಯಿತು. ಲಿಯೋ ದಿ ಡೀಕನ್ ಎಂಬ ಚರಿತ್ರೆಕಾರ ಅದೇ ಶತಮಾನದ ಕೊನೆಯಲ್ಲಿ ಬರೆಯುವಾಗಲೂ ಆ ಬಯಲಿನಲ್ಲಿ ಮೂಳೆಗಳ ರಾಶಿ ಕಾಣುತ್ತದೆ ಅನ್ನುತ್ತಾನೆ. ಸ್ವಲ್ಪ ದಿನದಲ್ಲೇ ರಾಜಧಾನಿಯ ಹತ್ತಿರ ಕತಾಸಿರ್ತಾಯ್‌ನಲ್ಲಿ ಉಳಿದ ಸೈನ್ಯಕ್ಕೂ ರಾತ್ರಿ ಹೊತ್ತು ಏಟು ಬಿತ್ತು.

ಅಂದರೆ ದಾರಿ ಖಾಲಿ. ಪಟ್ಟದಲ್ಲಿ ಹನ್ನೆರಡರ ಆಸುಪಾಸಿನ ಹುಡುಗ. ಅರಮನೆಯಲ್ಲಿ ಒಳಜಗಳ. ಆದರೂ ಸಿಮೆಯೋನ್ ಊರೊಳಗೆ ನುಗ್ಗಲಿಲ್ಲ. ಆಮೇಲೆ ಹತ್ತು ವರ್ಷ ಹೊಡೆದಾಡಿ, 927ರಲ್ಲಿ ಆಸೆ ಈಡೇರದೆ ತೀರಿಕೊಂಡ. ಕೈಗೆ ಬಂದದ್ದನ್ನು ಬಿಟ್ಟುಬಿಟ್ಟ ಅಂತ ನನಗೆ ಅನಿಸುತ್ತದೆ. ನಿಮಗೇನನಿಸುತ್ತದೆ?

ಕೋಟೆಕಲ್ಲು:
ಗೋಡೆ ನೋಡಿದ್ದೀರಾ? ಅಲ್ಲೇ ಉತ್ತರ ಇದೆ.

ಕೋಟೆಕಲ್ಲು:
ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನಾನು ಇಸ್ತಾಂಬುಲ್‌ಗೆ ಹೋದಾಗ ಎರಡು ದಿನ ಬರೀ ಆ ಗೋಡೆಯ ಪಕ್ಕ ನಡೆದೆ. ನೆಲದ ಕಡೆಯಿಂದ ಸುಮಾರು ಆರು ಕಿ.ಮೀ. ಉದ್ದ. ಮೊದಲು ಕಂದಕ. ಅದನ್ನು ದಾಟಿದರೆ ಹೊರಗೋಡೆ. ಅದನ್ನೂ ದಾಟಿದರೆ ಹನ್ನೆರಡು ಮೀಟರ್ ಎತ್ತರದ ಒಳಗೋಡೆ, ಅದಕ್ಕೆ ಸಾಲು ಸಾಲು ಬುರುಜು. ಐದನೇ ಶತಮಾನದ ಶುರುವಿನಲ್ಲಿ ಕಟ್ಟಿದ್ದು. ಮೂರೂ ದಿಕ್ಕಿಗೆ ನೀರು ಇರುವ ಊರು. ನೀರು ಅವರ ಹಡಗುಗಳ ಕೈಯಲ್ಲಿ. ನೀವು ನೆಲದ ಕಡೆ ಎಷ್ಟು ದಿನ ಮುತ್ತಿಗೆ ಹಾಕಿ ಕೂತರೂ ಒಳಗಿನವರಿಗೆ ಕಡಲಿನಿಂದ ಗೋಧಿ ಬರುತ್ತಲೇ ಇರುತ್ತದೆ. ಹಸಿದು ಸಾಯುವುದು ಹೊರಗಿರುವ ನಿಮ್ಮ ಕುದುರೆಗಳು!

ಸಿಮೆಯೋನನ ವಂಶದ ಹಿರಿಯ ಕ್ರುಮ್ ಕೂಡ 813ರಲ್ಲಿ ಇದೇ ಗೋಡೆಯ ಮುಂದೆ ಬಂದು ನಿಂತಿದ್ದ. ಅವನಿಗೂ ಆಗಲಿಲ್ಲ. ಸಿಮೆಯೋನ್ ಸ್ವತಃ 913ರ ಆಗಸ್ಟ್‌ನಲ್ಲಿ ಬ್ಲಾಖರ್ನೆಯಿಂದ ಚಿನ್ನದ ಬಾಗಿಲ ತನಕ, ಅಂದರೆ ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಗೆ, ಸೈನ್ಯ ನಿಲ್ಲಿಸಿ, ಗೋಡೆ ನೋಡಿ, ಮಾತುಕತೆಗೆ ಕೂತ. ಆ ಊರು ಮೊದಲ ಸಲ ಹೊರಗಿನವರ ಕೈಗೆ ಸಿಕ್ಕಿದ್ದು 1204ರಲ್ಲಿ. ಅದೂ ವೆನಿಸ್‌ನವರ ಹಡಗುಗಳು ಜೊತೆಗಿದ್ದದ್ದಕ್ಕೆ.

ಹಾಗಾಗಿ "ದಾರಿ ಖಾಲಿ" ಅನ್ನೋದು ಸರಿಯಲ್ಲ. ದಾರಿ ಗೋಡೆ ತನಕ ಮಾತ್ರ ಖಾಲಿ.

ಹೊಸಬ77:
ಸೋತ ಹದಿನೈದು ಸಾವಿರ ಸೈನಿಕರ ಕಣ್ಣು ಕಿತ್ತು ಕಳಿಸಿದ ಕಥೆ ಇವನದ್ದೇ ಅಲ್ವಾ?

ಹಳೇಪುಟ:
ಅಲ್ಲ ಹೊಸಬ ಅವರೇ. ಅದು ಬಲ್ಗೇರಿಯಾದ ಇನ್ನೊಬ್ಬ ದೊರೆ ಸಮುಯಿಲ್ ಕಾಲದ ಕಥೆ, ಸಿಮೆಯೋನ್ ತೀರಿಕೊಂಡು ಸುಮಾರು 90 ವರ್ಷ ಆದ ಮೇಲಿನ ಮಾತು. 1014ರಲ್ಲಿ ಕ್ಲೈದಿಯೋನ್ ಕಣಿವೆಯಲ್ಲಿ ಕಣ್ಣು ಕೀಳಿಸಿದ್ದು ಬೈಜಾಂಟೈನ್ ಚಕ್ರವರ್ತಿ ಎರಡನೇ ಬೇಸಿಲ್, ಕಳೆದುಕೊಂಡವರು ಬಲ್ಗೇರಿಯನ್ನರು. ಆ ಹದಿನೈದು ಸಾವಿರದ ಲೆಕ್ಕವನ್ನೂ ಎಲ್ಲ ಚರಿತ್ರೆಕಾರರು ಒಪ್ಪುವುದಿಲ್ಲ.

ಆದರೆ ಎರಡು ಕಥೆಗೂ ಒಂದು ಕೊಂಡಿ ಇದೆ. 913ರಲ್ಲಿ ಸಿಮೆಯೋನ್ ತನ್ನ ಮಗಳನ್ನು ಕೊಡಬೇಕು ಅಂತ ಹಟ ಹಿಡಿದಿದ್ದು ಹುಡುಗ ಏಳನೇ ಕಾನ್‌ಸ್ಟಂಟೈನ್‌ಗೆ. ಆ ಹುಡುಗನ ಮೊಮ್ಮಗನೇ ಈ ಬೇಸಿಲ್. ಆ ಮದುವೆ ಆಗಿದ್ದರೆ ಕ್ಲೈದಿಯೋನ್ ನಡೆಯುತ್ತಿತ್ತಾ? ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನೇರಮಾತು:
ಗೋಡೆ ಗೋಡೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಿಮೆಯೋನ್ ಚಿಕ್ಕ ವಯಸ್ಸಿನಲ್ಲಿ ಅದೇ ಊರಿನಲ್ಲಿ ಓದಿ ಬೆಳೆದವನು. ಗೋಡೆ ಎಷ್ಟು ಎತ್ತರ, ಗೋಧಿ ಎಲ್ಲಿಂದ ಬರುತ್ತದೆ, ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಕಾಲು ಶತಮಾನ ಒಂದು ಹಡಗುಪಡೆ ಕಟ್ಟಲಿಲ್ಲ ಅಂದರೆ ಅದು ತಪ್ಪಲ್ಲದೆ ಮತ್ತೇನು? ಅವನ ರಾಜ್ಯಕ್ಕೆ ಕಪ್ಪು ಸಮುದ್ರದ ದಡ ಇತ್ತು. ಕಾಡು ಇತ್ತು. ದುಡ್ಡಿತ್ತು. 896ರ ಗೆಲುವಿನ ನಂತರ ಬೈಜಾಂಟೈನರೇ ವರ್ಷ ವರ್ಷ ಕಪ್ಪ ಕೊಡುತ್ತಿದ್ದರು.

ಹಳೇಪುಟ:
ಹಡಗು ಕಟ್ಟೋದಕ್ಕೆ ಮರ ಇದ್ದರೆ ಸಾಲದು. ನಾವಿಕರು ಬೇಕು. ತಲೆತಲಾಂತರದಿಂದ ಬಂದ ಕಸುಬು ಅದು. ಬಲ್ಗೇರಿಯನ್ನರು ಕುದುರೆಯ ಮೇಲೆ ಬಂದ ಜನ. ಜೊತೆಗೆ ಬೈಜಾಂಟೈನರ ಹತ್ತಿರ ಗ್ರೀಕ್ ಬೆಂಕಿ, ಅಂದರೆ ನೀರಿನ ಮೇಲೂ ಉರಿಯುವ ಅಸ್ತ್ರ, ಇತ್ತು, ಅದರ ಗುಟ್ಟನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ.

ಸಿಮೆಯೋನ್ ಹಡಗಿಗಾಗಿ ಸುಮ್ನೆ ಕೂತಿರಲೂ ಇಲ್ಲ. ಉತ್ತರ ಆಫ್ರಿಕಾದ ಫಾತಿಮಿ ಖಲೀಫ ಅಲ್ ಮಹ್ದಿಯ ಹತ್ತಿರ ದೂತರನ್ನು ಕಳಿಸಿದ. ನೆಲದಿಂದ ನಾವು, ನೀರಿನಿಂದ ನೀವು, ಲೂಟಿ ಸಮಪಾಲು ಅನ್ನುವ ಮಾತು. ಖಲೀಫ ಒಪ್ಪಿದ. ತನ್ನ ದೂತರನ್ನೂ ಜೊತೆಗೆ ಕಳಿಸಿದ. ದಾರಿಯಲ್ಲಿ ಇಟಲಿಯ ಕಲಾಬ್ರಿಯಾದ ಜನ ಆ ಹಡಗನ್ನು ಹಿಡಿದು ಎಲ್ಲರನ್ನೂ ಕಾನ್‌ಸ್ಟಾಂಟಿನೋಪಲ್‌ಗೆ ಒಪ್ಪಿಸಿದರು. ಆಗ ಚಕ್ರವರ್ತಿ ರೊಮಾನೋಸ್ ಏನು ಮಾಡಿದ ಗೊತ್ತಾ? ಬಲ್ಗೇರಿಯನ್ ದೂತರನ್ನು ಸೆರೆಗೆ ಹಾಕಿದ. ಅರಬರಿಗೆ ಮಾತ್ರ ಉಡುಗೊರೆ ಕೊಟ್ಟು, ಮರ್ಯಾದೆಯಿಂದ ವಾಪಸ್ ಕಳಿಸಿದ. ಖಲೀಫನಿಗೆ ಬೇಕಾದ ದುಡ್ಡು ಯುದ್ಧ ಇಲ್ಲದೆಯೇ ಸಿಕ್ಕಿತು. ಹಡಗಿನ ಆಸೆ ಅಲ್ಲಿಗೆ ಮುಗಿಯಿತು.

ಕಡಲಂಚು:
ಈ ಹಡಗಿನ ಕಥೆ ನನಗೆ ಗೊತ್ತೇ ಇರಲಿಲ್ಲ! ರೊಮಾನೋಸ್ ಅಂದರೆ ಅಖೆಲೋಯ್ ಯುದ್ಧದಲ್ಲಿ ಹಡಗುಪಡೆಯ ಮುಖ್ಯಸ್ಥನಾಗಿದ್ದವನೇ ಅಲ್ವಾ?

ಹಳೇಪುಟ:
ಅವನೇ. ಉತ್ತರದ ಹುಲ್ಲುಗಾವಲಿನ ಅಲೆಮಾರಿಗಳಾದ ಪೆಚೆನೆಗ್ ಕುದುರೆ ಸವಾರರನ್ನು ದನ್ಯೂಬ್ ನದಿ ದಾಟಿಸಿ, ಬಲ್ಗೇರಿಯನ್ನರ ಬೆನ್ನಿಗೆ ಬಿಡಬೇಕಿದ್ದದ್ದು ಅವನ ಕೆಲಸ. ಅಲ್ಲಿ ಇನ್ನೊಬ್ಬ ಅಧಿಕಾರಿ ಜಾನ್ ಬೋಗಾಸ್ ಜೊತೆ ಜಗಳ ಆಯಿತು. ಇವರ ಜಗಳ ನೋಡಿ ಪೆಚೆನೆಗರು ಮನೆಗೆ ಹೋದರು. ಫೋಕಾಸ್ ಒಬ್ಬನೇ ಸಿಕ್ಕಿಬಿದ್ದ. ಎರಡು ವರ್ಷ ಕಳೆಯುವುದರೊಳಗೆ ರೊಮಾನೋಸ್ ಅರಮನೆ ಹಿಡಿದು, ತನ್ನ ಮಗಳು ಹೆಲೆನಾಳನ್ನು ಆ ಹುಡುಗ ಚಕ್ರವರ್ತಿಗೆ ಮದುವೆ ಮಾಡಿದ. 920ರ ಕೊನೆಗೆ ತಾನೇ ಕಿರೀಟ ಹಾಕಿಕೊಂಡ. ಸಿಮೆಯೋನ್ ಇಪ್ಪತ್ತು ವರ್ಷದಿಂದ ಬಯಸಿದ್ದನ್ನು ಒಬ್ಬ ನೌಕಾಧಿಕಾರಿ ಒಳಗಿನಿಂದಲೇ ಹೊಡೆದುಕೊಂಡ.

ನೇರಮಾತು:
ಇಪ್ಪತ್ತು ವರ್ಷದಿಂದ? ಅದು ಹೇಗೆ? 913ರ ಮೊದಲು ಅವನು ಕಿರೀಟ ಕೇಳಿದ್ದಕ್ಕೆ ಏನು ಸಾಕ್ಷಿ? 894ರ ಜಗಳ ಶುರುವಾದದ್ದು ವ್ಯಾಪಾರಕ್ಕೆ.

ಹಳೇಪುಟ:
ಇಪ್ಪತ್ತು ಅಂದದ್ದು ತಪ್ಪು, ಒಪ್ಪಿದೆ. 913ರಿಂದ ಲೆಕ್ಕ ಹಿಡಿದರೆ ಏಳು ವರ್ಷ.

ಮಲೆನಾಡಮ್ಮ:
ಆ ವ್ಯಾಪಾರದ ಜಗಳವನ್ನು ಯಾರಾದರೂ ವಿವರವಾಗಿ ಹೇಳುತ್ತೀರಾ? ಮನೆಯಲ್ಲಿ ಅಂಗಡಿ ನಡೆಸುವವಳು ನಾನು, ಸುಂಕದ ಕಥೆ ಅಂದರೆ ಕಿವಿ ನೆಟ್ಟಗಾಗುತ್ತದೆ.

ನೇರಮಾತು:
ಹೇಳುತ್ತೇನೆ. ಬಲ್ಗೇರಿಯನ್ ವ್ಯಾಪಾರಿಗಳು ಮೊದಲಿನಿಂದ ಕಾನ್‌ಸ್ಟಾಂಟಿನೋಪಲ್‌ನಲ್ಲೇ ಸರಕು ಮಾರುತ್ತಿದ್ದರು. ಚಕ್ರವರ್ತಿ ಆರನೇ ಲಿಯೋನ ಕಾಲದಲ್ಲಿ ಜಾವುಟ್ಸೆಸ್ ಅಂತ ಒಬ್ಬ ಪ್ರಭಾವಿ ಮಂತ್ರಿ. ಅವನ ಕೃಪೆಯಿಂದ ಸ್ಟಾವ್ರಾಕಿಯೋಸ್, ಕೊಸ್ಮಾಸ್ ಅನ್ನೋ ಇಬ್ಬರು ವರ್ತಕರು ಆ ವ್ಯಾಪಾರವನ್ನೇ ತಮ್ಮ ಕೈಗೆ ಹಾಕಿಕೊಂಡರು. ಸಂತೆಯನ್ನು ಥೆಸಲೋನಿಕಿಗೆ ಎತ್ತಂಗಡಿ ಮಾಡಿಸಿದರು. ಸುಂಕ ಏರಿಸಿದರು. ಯೋಚಿಸಿ ನೋಡಿ, ಕಪ್ಪು ಸಮುದ್ರದ ಕಡೆಯ ವ್ಯಾಪಾರಿ ನೇರ ದಕ್ಷಿಣಕ್ಕೆ ಹೋಗೋದು ಬಿಟ್ಟು ಪಶ್ಚಿಮಕ್ಕೆ ಅಷ್ಟು ದೂರ ಸುತ್ತಬೇಕು. ಅವರು ಸಿಮೆಯೋನ್ ಹತ್ತಿರ ದೂರು ಕೊಟ್ಟರು. ಸಿಮೆಯೋನ್ ಲಿಯೋಗೆ ದೂರು ಕೊಟ್ಟ. ಲಿಯೋ ಕಿವಿಗೆ ಹಾಕಿಕೊಳ್ಳಲಿಲ್ಲ. 894ರಲ್ಲಿ ಸಿಮೆಯೋನ್ ಥ್ರೇಸ್‌ಗೆ, ಅಂದರೆ ಕಾನ್‌ಸ್ಟಾಂಟಿನೋಪಲ್‌ಗೆ ಅಂಟಿದ ಬೈಜಾಂಟೈನ್ ಸೀಮೆಗೆ, ನುಗ್ಗಿದ.

ಮಲೆನಾಡಮ್ಮ:
ಇಬ್ಬರ ಲಾಭಕ್ಕೆ ಎರಡು ರಾಜ್ಯದ ಜನ ಸತ್ತರು. ತುಂಬಾ ಥ್ಯಾಂಕ್ಸ್.

ಹಳೇಪುಟ:
ಮುಂದಿನ ಭಾಗ ನಾನು ಸೇರಿಸುತ್ತೇನೆ, ಯಾಕಂದರೆ ಇದರ ಪರಿಣಾಮ ಇವತ್ತಿಗೂ ಯುರೋಪಿನ ನಕ್ಷೆಯಲ್ಲಿದೆ. ಲಿಯೋ ಉತ್ತರದ ಹುಲ್ಲುಗಾವಲಿನಿಂದ ಮಗ್ಯಾರರನ್ನು ಕರೆಸಿ, ತನ್ನ ಹಡಗುಗಳಲ್ಲಿ ದನ್ಯೂಬ್ ದಾಟಿಸಿ, ಸಿಮೆಯೋನ್‌ನ ಬೆನ್ನಿಗೆ ಬಿಟ್ಟ. ಸಿಮೆಯೋನ್ ಸೋತು ದ್ರಸ್ತರ್ ಕೋಟೆಯೊಳಗೆ ಸೇರಿಕೊಳ್ಳಬೇಕಾಯಿತು. ಈಗಿನ ಸಿಲಿಸ್ತ್ರಾ. ಅಲ್ಲಿಂದ ಅವನು ಮಾತುಕತೆ ಅಂತ ಕಾಲ ತಳ್ಳಿದ. ಆ ಹೊತ್ತಿನಲ್ಲಿ ಪೆಚೆನೆಗರ ಜೊತೆ ಕೈಜೋಡಿಸಿ ಮಗ್ಯಾರರ ಊರುಕೇರಿಗಳ ಮೇಲೆ ಬಿದ್ದ. ಮಗ್ಯಾರರು ಅಲ್ಲಿ ನಿಲ್ಲಲಾಗದೆ ಪಶ್ಚಿಮಕ್ಕೆ ಹೋಗಿ ನೆಲೆಸಿದರು. ಅದೇ ಈಗಿನ ಹಂಗೇರಿ. ಬೆನ್ನು ಸುರಕ್ಷಿತ ಆದ ಮೇಲೆ 896ರಲ್ಲಿ ಬುಲ್ಗಾರೋಫಿಗೋನ್‌ನಲ್ಲಿ ಬೈಜಾಂಟೈನ್ ದಂಡನ್ನು ಪುಡಿ ಮಾಡಿದ. ಆ ಜಾಗ ಈಗ ಟರ್ಕಿಯ ಯುರೋಪ್ ಭಾಗದಲ್ಲಿದೆ, ಬಾಬಾಎಸ್ಕಿ ಅಂತ ಹೆಸರು.

ಅಕ್ಷರಪ್ರೇಮಿ:
ಆ "ಮಾತುಕತೆ ಅಂತ ಕಾಲ ತಳ್ಳಿದ" ಅನ್ನೋ ಒಂದು ಸಾಲಿನ ಹಿಂದೆ ನನಗೆ ಈ ಕಥೆಯಲ್ಲೇ ಅತಿ ಇಷ್ಟವಾದ ಭಾಗ ಇದೆ. ಲಿಯೋ ಕಳಿಸಿದ ದೂತ ಖೈರೋಸ್ಫಾಕ್ಟೆಸ್. ಸಿಮೆಯೋನ್ ಅವನನ್ನು ಕೂಡಿಹಾಕಿ, ಪಕ್ಕದಲ್ಲೇ ಇರುವವನಿಗೆ ಪತ್ರ ಬರೆಯುತ್ತಾನೆ. ಆ ಪುಟ್ಟ ಪತ್ರಗಳು ಉಳಿದಿವೆ. ಒಂದರಲ್ಲಿ ಹೀಗೆ ಕೇಳುತ್ತಾನೆ: ನಿಮ್ಮ ಚಕ್ರವರ್ತಿ ಗ್ರಹಣ ಯಾವಾಗ ಅಂತ ಮೊದಲೇ ಹೇಳಿದನಂತೆ. ಹಾಗಾದರೆ ನಾನು ನಿಮ್ಮ ಸೆರೆಯಾಳುಗಳನ್ನು ಬಿಡುತ್ತೇನಾ ಇಲ್ಲವಾ, ಅದನ್ನೂ ನೀನು ಹೇಳು. ಸರಿಯಾಗಿ ಹೇಳಿದರೆ ಸೆರೆಯಾಳುಗಳೇ ನಿನಗೆ ಬಹುಮಾನ.

ದೂತ ಎರಡು ಅರ್ಥ ಬರುವಂತೆ ಉತ್ತರ ಬರೆದ. ಎಲ್ಲಿ ತಡೆದು ಓದಬೇಕು ಅನ್ನೋದರ ಮೇಲೆ ಬಿಡುತ್ತೀಯ ಅಂತಲೂ ಓದಬಹುದು, ಬಿಡುವುದಿಲ್ಲ ಅಂತಲೂ ಓದಬಹುದು. ಸಿಮೆಯೋನ್ ಅಲ್ಪವಿರಾಮ ತನಗೆ ಬೇಕಾದ ಕಡೆ ಇಟ್ಟುಕೊಂಡು ಓದಿ, ನೀನು ಸರಿಯಾಗಿ ಹೇಳಲಿಲ್ಲ, ಬಹುಮಾನ ಇಲ್ಲ ಅಂದ. ಸಾವಿರಾರು ಜನರ ಬಿಡುಗಡೆ ಒಂದು ಅಲ್ಪವಿರಾಮದ ಮೇಲೆ ನಿಂತಿತ್ತು.

ಇದನ್ನೆಲ್ಲ ಅವನು ಮಾಡಿದ್ದು ಗ್ರೀಕ್ ಭಾಷೆಯಲ್ಲಿ. ಎದುರಾಳಿಯ ಭಾಷೆಯಲ್ಲಿ, ಎದುರಾಳಿಯ ವಿದ್ಯೆಯಿಂದ. ಇಟಲಿಯ ಬಿಷಪ್, ಚರಿತ್ರೆಕಾರ ಲಿಯುಟ್‌ಪ್ರಾಂಡ್ ಅವನನ್ನು ಅರ್ಧ ಗ್ರೀಕ ಅಂತ ಕರೆದದ್ದು ಇದಕ್ಕೇ. ಡೆಮೊಸ್ತೆನೀಸನ ಭಾಷಣಕಲೆ, ಅರಿಸ್ಟಾಟಲನ ತರ್ಕ ಎರಡನ್ನೂ ಕಲಿತಿದ್ದನಂತೆ.

ಕಡಲಂಚು:
ಇಷ್ಟು ಓದಿದವನು ಪಾದ್ರಿ ಆಗಬೇಕಿತ್ತು ಅಲ್ವಾ? ದೊರೆ ಆಗಿದ್ದು ಹೇಗೆ?

ಅಕ್ಷರಪ್ರೇಮಿ:
ಹೌದು, ದೊರೆ ಬೋರಿಸ್‌ನ ಮೂರನೇ ಮಗ. ಚರ್ಚ್‌ಗಾಗಿಯೇ ಬೆಳೆಸಿದ್ದರು. 889ರಲ್ಲಿ ಬೋರಿಸ್ ಪಟ್ಟ ಬಿಟ್ಟು ಮಠ ಸೇರಿದ. ಹಿರಿಮಗ ವ್ಲಾದಿಮಿರ್ ದೊರೆಯಾಗಿ ಹಳೆಯ ದೇವರುಗಳನ್ನು ವಾಪಸ್ ತರಲು ಹೊರಟ. 893ರಲ್ಲಿ ಅಪ್ಪ ಮಠದಿಂದ ಎದ್ದು ಬಂದು, ಮಗನ ಕಣ್ಣು ತೆಗೆಸಿ ಸೆರೆಗೆ ಹಾಕಿ, ಸನ್ಯಾಸಿಯಾಗಿದ್ದ ಸಿಮೆಯೋನ್‌ನನ್ನು ಕೂರಿಸಿದ. ಅದೇ ವರ್ಷದ ಸಭೆಯಲ್ಲಿ ರಾಜಧಾನಿ ಪ್ಲಿಸ್ಕಾದಿಂದ ಪ್ರೆಸ್ಲಾವ್‌ಗೆ ಹೋಯಿತು. ಚರ್ಚಿನಲ್ಲಿ ಗ್ರೀಕ್ ಹೋಗಿ ಸ್ಲಾವ್ ಭಾಷೆ ಬಂತು.

ವಾರ್ನಾ_ಹುಡುಗಿ:
ಪ್ರೆಸ್ಲಾವ್ ಹೆಸರು ನೋಡಿ ಒಳಗೆ ಬಂದೆ! ನಾನು ವಾರ್ನಾದಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ, ನಾಲ್ಕನೇ ವರ್ಷ. ಊರು ದಾವಣಗೆರೆ ಕಡೆ. ಹೋದ ವರ್ಷ ಗೆಳತಿಯರ ಜೊತೆ ರೈಲಿನಲ್ಲಿ ಶುಮೆನ್‌ಗೆ ಹೋಗಿ, ಅಲ್ಲಿಂದ ಪ್ರೆಸ್ಲಾವ್ ನೋಡಿ ಬಂದೆ. ಶುಮೆನ್‌ನಿಂದ ಇಪ್ಪತ್ತು ಕಿ.ಮೀ. ಅಷ್ಟೇ.

ಈಗ ಅಲ್ಲಿ ಇರೋದು ಅಡಿಪಾಯ, ಮುರಿದ ಕಂಬ, ಹುಲ್ಲು. ದುಂಡು ಚರ್ಚ್‌ನ ಗೋಡೆ ಅಲ್ಲಲ್ಲಿ ನಿಂತಿದೆ. ಅದನ್ನು ಚಿನ್ನದ ಚರ್ಚ್ ಅಂತಲೂ ಕರೆಯುತ್ತಾರೆ. ಮ್ಯೂಸಿಯಂನಲ್ಲಿ ಪ್ರೆಸ್ಲಾವ್ ನಿಧಿ ಇದೆ, 1978ರಲ್ಲಿ ಹತ್ತಿರದ ಹೊಲದಲ್ಲಿ ಸಿಕ್ಕಿದ್ದು. ಆ ಚಿನ್ನದ ಹಾರದ ಮುಂದೆ ನಾನು ಕಾಲು ಗಂಟೆ ನಿಂತಿದ್ದೆ. ಅದಕ್ಕಿಂತ ಜಾಸ್ತಿ ನನ್ನನ್ನು ಹಿಡಿದಿದ್ದು ಸುಟ್ಟ ಮಣ್ಣಿನ ಬಿಲ್ಲೆಗಳು. ಅವುಗಳ ಮೇಲೆ ಬಣ್ಣದಲ್ಲಿ ಸಂತರ ಮುಖ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕಂಡದ್ದನ್ನೆಲ್ಲ ತನ್ನ ಊರಿನಲ್ಲಿ, ತನ್ನ ಮಣ್ಣಿನಲ್ಲಿ ಮಾಡಿಸಬೇಕು ಅಂತ ಅವನಿಗೆ ಎಷ್ಟು ಆಸೆ ಇತ್ತು ಅನ್ನೋದು ಅಲ್ಲಿ ಕಾಣುತ್ತದೆ.

ಶುಮೆನ್ ಬೆಟ್ಟದ ಮೇಲೆ 1981ರ ದೊಡ್ಡ ಸ್ಮಾರಕ ಇದೆ, ರಾಜ್ಯ ಹುಟ್ಟಿ 1300 ವರ್ಷ ಆದದ್ದಕ್ಕೆ. ಊರಿನಿಂದ 1300 ಮೆಟ್ಟಿಲು ಹತ್ತಬೇಕು. ಕಾಂಕ್ರೀಟಿನ ಸಿಮೆಯೋನ್ ಮುಂದೆ ನಿಂತರೆ ಕುತ್ತಿಗೆ ನೋಯುವಷ್ಟು ಎತ್ತರ.

ಹೊಸಬ77:
ಅಲ್ಲಿನ ಜನ ಹೆಸರನ್ನು ಹೇಗೆ ಹೇಳುತ್ತಾರೆ? ಸಿಮಿಯನ್ನಾ ಸಿಮೆಯೋನಾ?

ವಾರ್ನಾ_ಹುಡುಗಿ:
ಸಿಮೆಓನ್ ಅನ್ನುತ್ತಾರೆ, ಕೊನೆಗೆ ಒತ್ತು. ಮುಂದೆ "ತ್ಸಾರ್" ಸೇರಿಸುತ್ತಾರೆ. ಸೀಸರ್ ಅನ್ನೋ ಪದವೇ ಸವೆದು ತ್ಸಾರ್ ಆಗಿದ್ದು. ಮೇ 24 ಇಲ್ಲಿ ಅಕ್ಷರಗಳ ಹಬ್ಬ, ಸರ್ಕಾರಿ ರಜೆ. ಶಾಲೆ ಮಕ್ಕಳು ಹೂವು ಹಿಡಿದು ಮೆರವಣಿಗೆ ಹೋಗುತ್ತಾರೆ. ಲಿಪಿಗೆ ರಜೆ ಕೊಡುವ ದೇಶ ಅಂತ ಮೊದಲ ವರ್ಷ ನೋಡಿ ಕಣ್ಣು ತುಂಬಿತ್ತು.

ಅಕ್ಷರಪ್ರೇಮಿ:
ಹಾಗಾದರೆ ಇದನ್ನೂ ಹೇಳಲೇಬೇಕು. ಸ್ಲಾವರಿಗೆ ಮೊದಲು ಅಕ್ಷರ ಕೊಟ್ಟ ಸಂತ ಸಿರಿಲ್ ಮಾಡಿದ ಲಿಪಿ ಗ್ಲಾಗೊಲಿತಿಕ್. ಈಗ ನಾವು ಸಿರಿಲಿಕ್ ಅನ್ನುವ ಲಿಪಿ ಬೆಳೆದದ್ದು ಬಲ್ಗೇರಿಯಾದಲ್ಲಿ, ಸಿಮೆಯೋನ್‌ನ ಕಾಲದ ಆಸುಪಾಸಿನಲ್ಲಿ, ಪ್ರೆಸ್ಲಾವ್‌ನ ಬರಹಗಾರರ ನಡುವೆ. ಅವರಲ್ಲಿ ಒಬ್ಬ ಖ್ರಾಬರ್ ಅನ್ನೋ ಸನ್ಯಾಸಿ. ಗ್ರೀಕರು ನಿಮಗೆ ಹೊಸ ಲಿಪಿ ಯಾಕೆ, ನಮ್ಮದು ಸಾಲದಾ ಅಂತ ಹಂಗಿಸಿದಾಗ ಅವನು ಕೊಟ್ಟ ಉತ್ತರ ನೋಡಿ: ನಿಮ್ಮ ಅಕ್ಷರ ಮಾಡಿದವರು ಕ್ರಿಸ್ತನನ್ನು ಅರಿಯದ ಹಳೆಯ ಗ್ರೀಕರು, ನಮ್ಮದನ್ನು ಮಾಡಿದವನು ಸಂತ. ಹಾಗಾಗಿ ನಮ್ಮದೇ ಹೆಚ್ಚು ಪವಿತ್ರ!

ಕಡಲಂಚು ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ಸಿಮೆಯೋನ್‌ಗೆ ಊರನ್ನು ಸುಡೋದು ಬೇಕಿರಲಿಲ್ಲ. ಆ ಊರು ತನ್ನನ್ನು ಸರಿಸಮ ಅಂತ ಒಪ್ಪಬೇಕಿತ್ತು.

ನೇರಮಾತು:
ಸರಿಸಮ? ಇಲ್ಲಿ ನನಗೆ ಜೋರು ತಕರಾರಿದೆ. ಸರಿಸಮ ಬೇಕಿದ್ದವನು "ಬಲ್ಗೇರಿಯನ್ನರ ಚಕ್ರವರ್ತಿ" ಅಂತ ಕರೆದುಕೊಂಡು ಸುಮ್ಮನಾಗುತ್ತಿದ್ದ. ಅವನು "ಬಲ್ಗೇರಿಯನ್ನರ ಮತ್ತು ರೋಮನ್ನರ ಚಕ್ರವರ್ತಿ" ಅಂತ ಕರೆದುಕೊಂಡ. ಬೈಜಾಂಟೈನರು ತಮ್ಮನ್ನು ಕರೆದುಕೊಳ್ಳುತ್ತಿದ್ದದ್ದೇ ರೋಮನ್ನರು ಅಂತ. ಅಂದರೆ ನಿಮ್ಮ ಕುರ್ಚಿ ನನ್ನದು ಅಂತ ಅರ್ಥ. ರೊಮಾನೋಸ್ ಬರೆದ ಪತ್ರಗಳ ಗೋಳೂ ಅದೇ. ನಿನ್ನ ಜನಕ್ಕೆ ನೀನು ಏನು ಬೇಕಾದರೂ ಆಗು, ನಮ್ಮ ಹೆಸರು ಯಾಕೆ ಸೇರಿಸಿಕೊಳ್ಳುತ್ತೀಯ ಅಂತ.

ಅಕ್ಷರಪ್ರೇಮಿ:
ಅವನ ಸೀಸದ ಮುದ್ರೆಗಳು ಸಿಕ್ಕಿವೆ. ಕೆಲವದರ ಮೇಲೆ "ಶಾಂತಿ ತರುವ ಚಕ್ರವರ್ತಿ" ಅಂತ ಇದೆ. ಅದನ್ನು ಏನು ಮಾಡುತ್ತೀರಿ?

ನೇರಮಾತು:
ಗೆದ್ದವರೆಲ್ಲ ಶಾಂತಿ ತರುತ್ತೇವೆ ಅಂತಲೇ ಹೇಳೋದು. ಥ್ರೇಸ್‌ನ ರೈತನ ಹತ್ತಿರ ಕೇಳಿದ್ದರೆ ಗೊತ್ತಾಗುತ್ತಿತ್ತು. ಮೂವತ್ತು ವರ್ಷದಲ್ಲಿ ಅವನ ಹೊಲ ಎಷ್ಟು ಸಲ ಸುಟ್ಟಿತು? ಖೈದಿಗಳ ಮೂಗು ಕುಯ್ದು ರಾಜಧಾನಿಗೆ ಕಳಿಸಿದವನೂ ಇದೇ ಸಿಮೆಯೋನ್, 894ರಲ್ಲಿ, ಚಕ್ರವರ್ತಿಯ ಸೇವೆಯಲ್ಲಿದ್ದ ಖಜಾರ್ ಸೈನಿಕರ ಮೂಗು. ಪುಸ್ತಕ ಓದಿದ ದೊರೆ ಅಂತ ನಾವು ಇದನ್ನು ಮರೆಯಬಾರದು.

ಮಲೆನಾಡಮ್ಮ:
ಇದನ್ನು ಹೇಳಿದ್ದು ಒಳ್ಳೆಯದಾಯಿತು.

ಹಳೇಪುಟ:
ಇಬ್ಬರ ಮಾತೂ ಸೇರುವ ಜಾಗ 913. ಹಿಂದಿನ ವರ್ಷ ಲಿಯೋ ಸತ್ತ. ಅವನ ತಮ್ಮ ಅಲೆಕ್ಸಾಂಡರ್ ಕಪ್ಪ ಕೊಡುವುದಿಲ್ಲ ಅಂತ ಬಲ್ಗೇರಿಯನ್ ದೂತರನ್ನು ಅವಮಾನ ಮಾಡಿ ಕಳಿಸಿದ, ಆಮೇಲೆ ತಾನೂ ಸತ್ತ. ಉಳಿದದ್ದು ಏಳೆಂಟು ವರ್ಷದ ಹುಡುಗ, ರಾಜ್ಯಭಾರ ನೋಡಿಕೊಳ್ಳಲು ಪಿತೃಪ್ರಧಾನ, ಅಂದರೆ ಚರ್ಚಿನ ಮುಖ್ಯಸ್ಥ, ನಿಕೋಲಸ್ ಮಿಸ್ಟಿಕೋಸ್. ಸಿಮೆಯೋನ್ ಗೋಡೆ ಹತ್ತಿರ ಬಂದ. ಅವನ ಇಬ್ಬರು ಗಂಡುಮಕ್ಕಳು ಒಳಗೆ ಹೋಗಿ ಹುಡುಗ ಚಕ್ರವರ್ತಿಯ ಜೊತೆ ಊಟ ಮಾಡಿದರು. ನಿಕೋಲಸ್ ಹೊರಗೆ ಬಂದ. ಸಿಮೆಯೋನ್ ತಲೆ ಬಾಗಿಸಿದ. ನಿಕೋಲಸ್ ಪ್ರಾರ್ಥನೆ ಮಾಡಿ, ಕಿರೀಟದ ಬದಲು ತನ್ನ ತಲೆವಸ್ತ್ರವನ್ನು ಅವನ ತಲೆಗೆ ಹಾಕಿದ ಅಂತ ಚರಿತ್ರೆಕಾರರು ಬರೆದಿದ್ದಾರೆ.

ಅದು ಪಟ್ಟಾಭಿಷೇಕವಾ? ನಾಟಕವಾ? ಇವತ್ತಿಗೂ ವಿದ್ವಾಂಸರು ಹೊಡೆದಾಡುತ್ತಾರೆ. ನನ್ನ ಪ್ರಕಾರ ಸಿಮೆಯೋನ್ ಅದನ್ನು ಪೂರ್ತಿ ನಂಬಿದ. ಗ್ರೀಕ್ ಆಚರಣೆ ಅಷ್ಟು ಚೆನ್ನಾಗಿ ಬಲ್ಲವನು ತಲೆವಸ್ತ್ರಕ್ಕೂ ಕಿರೀಟಕ್ಕೂ ವ್ಯತ್ಯಾಸ ಗೊತ್ತಿಲ್ಲದೆ ತಲೆ ಬಾಗಿಸಲಿಲ್ಲ. ಮಗಳ ಮದುವೆಯ ಮಾತೂ ಸಿಕ್ಕಿತ್ತು. ಚಕ್ರವರ್ತಿಯ ಮಾವ ಆಗುತ್ತೇನೆ ಅಂತ ಖುಷಿಯಿಂದ ವಾಪಸ್ ಹೋದ. 914ರಲ್ಲಿ ಹುಡುಗನ ತಾಯಿ ಜೋಯಿ ಅಧಿಕಾರಕ್ಕೆ ಬಂದು ಎಲ್ಲವನ್ನೂ ರದ್ದು ಮಾಡಿದಳು. ಅಲ್ಲಿಂದಾಚೆಗಿನ ಯುದ್ಧದಲ್ಲಿ ಭೂಮಿಯ ಆಸೆಗಿಂತ ಮಾತು ಮುರಿದ ಸಿಟ್ಟು ಜಾಸ್ತಿ.

ನಿಕೋಲಸ್ ಸಿಮೆಯೋನ್‌ಗೆ ಬರೆದ ಎರಡು ಡಜನ್‌ಗೂ ಜಾಸ್ತಿ ಪತ್ರಗಳು ಉಳಿದಿವೆ. ಮಗನೇ, ರಕ್ತ ಹರಿಸಬೇಡ ಅಂತ ಬೇಡುತ್ತಾನೆ, ಬೈಯುತ್ತಾನೆ, ಹೆದರಿಸುತ್ತಾನೆ. ಸಿಮೆಯೋನ್ ಇವನಿಗೆ ಬರೆದ ಉತ್ತರಗಳು ಮಾತ್ರ ಉಳಿದಿಲ್ಲ. ನಿಕೋಲಸ್ ಎತ್ತಿ ಹೇಳಿದಷ್ಟೇ ನಮಗೆ ಗೊತ್ತು. ಒಂದೇ ಕಡೆಯ ಫೋನ್ ಮಾತು ಕೇಳಿದ ಹಾಗೆ.

ಕಡಲಂಚು:
ಸರಿ, ಆದರೆ 917ರ ಪ್ರಶ್ನೆ ಹಾಗೇ ಉಳಿಯಿತು. ಸಿಟ್ಟು ಇತ್ತು, ಗೆಲುವೂ ಇತ್ತು. ಆ ಚಳಿಗಾಲದಲ್ಲಿ ಅವನು ಏನು ಮಾಡುತ್ತಿದ್ದ?

ಹಳೇಪುಟ:
ಪಶ್ಚಿಮಕ್ಕೆ ತಿರುಗಿದ. ಯುದ್ಧಕ್ಕೆ ಮೊದಲು ಬೈಜಾಂಟೈನ್ ಅಧಿಕಾರಿಯೊಬ್ಬ ಸರ್ಬಿಯಾದ ದೊರೆ ಪೀಟರನ ಹತ್ತಿರ ಹೋಗಿ, ಬಲ್ಗೇರಿಯಾದ ಬೆನ್ನಿಗೆ ಹೊಡೆಯಲು ಒಪ್ಪಿಸಲು ನೋಡಿದ್ದ. ಸರ್ಬಿಯಾದ ಪಕ್ಕದ ಝಹುಮ್ಲಿಯೆ ಸೀಮೆಯ ದೊರೆ ಮಿಖಾಯಿಲ್ ಈ ಸುದ್ದಿಯನ್ನು ಸಿಮೆಯೋನ್‌ಗೆ ಮುಟ್ಟಿಸಿದ. 895ರಲ್ಲಿ ಬೆನ್ನಿಗೆ ಬಿದ್ದ ಮಗ್ಯಾರರನ್ನು ಕಂಡಿದ್ದವನು ಮತ್ತೆ ಅದೇ ತಪ್ಪು ಮಾಡುತ್ತಾನಾ? ಸೈನ್ಯ ಕಳಿಸಿ, ಪ್ರಮಾಣ ಮಾಡಿ ನಂಬಿಸಿ ಪೀಟರನನ್ನು ಹಿಡಿಸಿದ. ಅವನು ಸೆರೆಯಲ್ಲೇ ಸತ್ತ. ಈ ಕೆಲಸ ಮುಗಿಯುವಷ್ಟರಲ್ಲಿ ಅತ್ತ ರೊಮಾನೋಸ್ ಅರಮನೆ ಹಿಡಿದಿದ್ದ.

ಕೋಟೆಕಲ್ಲು:
ಇದನ್ನೇ ನಾನು ಹೇಳಿದ್ದು. ಗೋಡೆಗೆ ಸಮಯ ಬೇಕು. ಸಮಯ ಅವನ ಹತ್ತಿರ ಇರಲಿಲ್ಲ.

ನೇರಮಾತು:
ಗೋಡೆಯ ಜೊತೆ ಬೈಜಾಂಟೈನರ ದುಡ್ಡನ್ನೂ ಸೇರಿಸಿ. ಸರ್ಬಿಯಾ, ಮಗ್ಯಾರರು, ಪೆಚೆನೆಗರು, ಖಲೀಫ. ಎಲ್ಲ ಕಡೆ ದುಡ್ಡು ಮತ್ತು ಉಡುಗೊರೆ ಅವನಿಗಿಂತ ಮೊದಲು ತಲುಪಿದವು, ಇಲ್ಲ ಅವನ ಹಿಂದೆಯೇ ಬಂದವು. ಇಷ್ಟನ್ನು ನಾನೂ ಒಪ್ಪುತ್ತೇನೆ.

ವಾರ್ನಾ_ಹುಡುಗಿ:
924ರ ಭೇಟಿಯ ಬಗ್ಗೆ ಯಾರೂ ಬರೆಯಲಿಲ್ಲ! ನಮ್ಮ ಬಲ್ಗೇರಿಯನ್ ಭಾಷೆಯ ಟೀಚರ್ ಕ್ಲಾಸಿನಲ್ಲಿ ಹೇಳಿದ್ದರು. ನೀರಿನ ಮೇಲೆ ಅಟ್ಟಣೆ ಕಟ್ಟಿದ್ದರಂತೆ.

ಹಳೇಪುಟ:
ಹೌದು, ಊರಿನ ಪಕ್ಕದ ಗೋಲ್ಡನ್ ಹಾರ್ನ್ ಕೊಲ್ಲಿಯಲ್ಲಿ, ಕೊಸ್ಮಿದಿಯೋನ್ ಹತ್ತಿರ. ಅಟ್ಟಣೆಯ ನಡುವೆ ಬೇಲಿ. ಒಬ್ಬ ದೋಣಿಯಲ್ಲಿ, ಇನ್ನೊಬ್ಬ ಕುದುರೆಯಲ್ಲಿ ಬರುವುದು. ರೊಮಾನೋಸ್ ಬ್ಲಾಖರ್ನೆ ಚರ್ಚ್‌ನಿಂದ ಮರಿಯಮ್ಮನ ವಸ್ತ್ರವನ್ನು ಕವಚದಂತೆ ಹೊದ್ದು ಬಂದ. ಸಿಮೆಯೋನ್ ಚಿನ್ನ ಬೆಳ್ಳಿಯ ಗುರಾಣಿ ಹಿಡಿದ ಪಡೆಯ ಜೊತೆ ಬಂದ. ಆ ಪಡೆ ಅವನನ್ನು ಚಕ್ರವರ್ತಿ ಅಂತ ಕೂಗಿದ್ದು ಗ್ರೀಕ್‌ನಲ್ಲಿ. ಗೋಡೆ ಮೇಲೆ ನಿಂತು ನೋಡುತ್ತಿದ್ದವರಿಗೆ ಕೇಳಲಿ ಅಂತ!

ರೊಮಾನೋಸ್ ಸಾವಿನ ಬಗ್ಗೆ, ಕ್ರೈಸ್ತರೇ ಕ್ರೈಸ್ತರನ್ನು ಕೊಲ್ಲೋದರ ಬಗ್ಗೆ ಮಾತಾಡಿದ. ಇವತ್ತು ಇದ್ದೀಯ, ನಾಳೆ ಮಣ್ಣಾಗುತ್ತೀಯ, ದೇವರಿಗೆ ಏನು ಹೇಳುತ್ತೀಯ ಅನ್ನೋ ಅರ್ಥದ ಮಾತು. ಇಬ್ಬರೂ ಮಾತಾಡುತ್ತಿರುವಾಗ ಮೇಲೆ ಎರಡು ಹದ್ದು ಒಂದಕ್ಕೊಂದು ತಾಗಿ, ಕೂಗಿ, ಬೇರೆಯಾದವಂತೆ. ಒಂದು ಊರಿನ ಕಡೆಗೆ, ಇನ್ನೊಂದು ಥ್ರೇಸ್ ಕಡೆಗೆ. ಹದ್ದಿನ ಕಥೆ ಬರೆದದ್ದು ಬೈಜಾಂಟೈನರು.

ಮಲೆನಾಡಮ್ಮ:
ಆಮೇಲೆ ಯುದ್ಧ ನಿಂತಿತಾ?

ಹಳೇಪುಟ:
ಕಾನ್‌ಸ್ಟಾಂಟಿನೋಪಲ್ ಕಡೆ ಬಹುಮಟ್ಟಿಗೆ ನಿಂತಿತು. ಸರ್ಬಿಯಾವನ್ನು ಅದೇ ವರ್ಷ ಪೂರ್ತಿ ನುಂಗಿದ. ಆಮೇಲೆ ಕ್ರೊವೇಷಿಯಾದ ತೊಮಿಸ್ಲಾವ್ ಮೇಲೆ ಕಳಿಸಿದ ಸೈನ್ಯ ಸೋತು ಸುಣ್ಣವಾಯಿತು. 927ರ ಮೇ 27ರಂದು ಸಿಮೆಯೋನ್ ಹೃದಯ ನಿಂತು ಸತ್ತ. ಇದಕ್ಕೂ ಬೈಜಾಂಟೈನರು ಒಂದು ಕಥೆ ಇಟ್ಟಿದ್ದಾರೆ. ನಗರದ ಒಂದು ಪ್ರತಿಮೆಯಲ್ಲಿ ಸಿಮೆಯೋನ್‌ನ ಪ್ರಾಣ ಇದೆ ಅಂತ ಜೋಯಿಸನೊಬ್ಬ ಹೇಳಿದನಂತೆ. ರೊಮಾನೋಸ್ ಅದರ ತಲೆ ಕಡಿಸಿದನಂತೆ. ಅದೇ ಗಳಿಗೆಯಲ್ಲಿ ಇತ್ತ ಇವನು ಸತ್ತನಂತೆ. ಅವನನ್ನು ಕಂಡರೆ ಆ ಊರಿಗೆ ಎಷ್ಟು ಭಯ ಇತ್ತು ಅನ್ನೋದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಅಕ್ಷರಪ್ರೇಮಿ:
ಅಪ್ಪನಿಗೆ ಸಿಗದ್ದು ಮಗನಿಗೆ ಸಿಕ್ಕಿತು. ಅದೇ ವರ್ಷ ಸಿಮೆಯೋನ್ ಮಗ ಪೀಟರ್ (ಸರ್ಬಿಯಾದ ಪೀಟರ್ ಅಲ್ಲ) ರಾಜಿ ಮಾಡಿಕೊಂಡ. "ಬಲ್ಗೇರಿಯನ್ನರ ಚಕ್ರವರ್ತಿ" ಅನ್ನೋ ಬಿರುದನ್ನು ಬೈಜಾಂಟೈನರು ಒಪ್ಪಿದರು. ಬಲ್ಗೇರಿಯನ್ ಚರ್ಚ್‌ಗೆ ತನ್ನದೇ ಪಿತೃಪ್ರಧಾನ. ವರ್ಷದ ಕಪ್ಪ. ರೊಮಾನೋಸ್‌ನ ಮೊಮ್ಮಗಳು ಮರಿಯಾಳ ಜೊತೆ ಮದುವೆ. ಅವಳ ಹೆಸರನ್ನು ಐರೀನ್ ಅಂತ ಬದಲಿಸಿದರು, ಶಾಂತಿ ಅಂತ ಅರ್ಥ. ಮದುವೆ ಅಕ್ಟೋಬರ್ 8ರಂದು ಗೋಡೆಯ ಹೊರಗಿನ ಪಿಗೆ ಚರ್ಚ್‌ನಲ್ಲಿ. ಕೆಲವೇ ವರ್ಷದ ಹಿಂದೆ ಸಿಮೆಯೋನ್‌ನ ಸೈನಿಕರು ಸುಟ್ಟು, ಆಮೇಲೆ ಮತ್ತೆ ಎದ್ದು ನಿಂತ ಚರ್ಚ್ ಅದು. ಅಪ್ಪ ಸುಟ್ಟ ಚರ್ಚ್‌ನಲ್ಲಿ ಮಗನ ಮದುವೆ.

ನೇರಮಾತು:
ಅಪ್ಪನ ಭಯ ಇಲ್ಲದಿದ್ದರೆ ಮಗನಿಗೆ ಇದ್ಯಾವುದೂ ಸಿಗುತ್ತಿರಲಿಲ್ಲ. ಆದರೆ "ರೋಮನ್ನರ" ಅನ್ನೋ ಪದ ಅವರು ಕೊಡಲಿಲ್ಲ, ನೋಡಿ. ನನ್ನ ವಾದ ಅಲ್ಲೇ ನಿಂತಿದೆ.

ಕಡಲಂಚು:
ಕೈಗೆ ಬಂದದ್ದನ್ನು ಬಿಟ್ಟ ಅಂತ ಬರೆದಿದ್ದೆ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಕೈಗೆ ಬಂದೇ ಇರಲಿಲ್ಲ. ಆದರೆ ನೇರಮಾತು ಅವರು ಕೇಳಿದ ಥ್ರೇಸ್‌ನ ರೈತನ ಪ್ರಶ್ನೆ ಇನ್ನೂ ಕಾಡುತ್ತಿದೆ. ಅಖೆಲೋಯ್ ಬಯಲಿನಲ್ಲಿ ಈಗ ಏನಿದೆ, ಯಾರಾದರೂ ನೋಡಿದ್ದೀರಾ?

ವಾರ್ನಾ_ಹುಡುಗಿ:
ಬಸ್ಸಿನಲ್ಲಿ ಬುರ್ಗಾಸ್‌ಗೆ ಹೋಗುವಾಗ ಅದೇ ದಾರಿ. ಅಖೆಲೋಯ್ ಅನ್ನೋ ಹೆಸರಿನ ಊರೇ ಇದೆ, ಹೊಳೆಯೂ ಇದೆ, ಈಗ ಚಿಕ್ಕದು. ಸ್ವಲ್ಪ ಮುಂದೆ ಪೊಮೋರಿಯೆ, ಆಗಿನ ಅಂಖಿಯಾಲೋಸ್. ಅಲ್ಲಿ ಉಪ್ಪಿನ ಗದ್ದೆಗಳಿವೆ, ಉಪ್ಪಿನದ್ದೇ ಒಂದು ಮ್ಯೂಸಿಯಂ ಇದೆ. ಬಸ್ಸಿನ ಕಿಟಕಿಯಿಂದ ಬಿಟ್ಟರೆ ಇಳಿದು ನೋಡಿಲ್ಲ. ಈ ತಿಂಗಳ ಕೊನೆಗೆ ಪರೀಕ್ಷೆ ಮುಗಿಯುತ್ತದೆ. ಹೋಗಿ ಬಂದು ಫೋಟೋ ಹಾಕುತ್ತೇನೆ.

ಕೋಟೆಕಲ್ಲು:
ಹೋದರೆ ಹೊಳೆಯಿಂದ ಒಳನಾಡಿನ ಕಡೆಯ ಗುಡ್ಡಗಳ ಫೋಟೋ ಮರೆಯಬೇಡಿ. ಸಿಮೆಯೋನ್ ಎತ್ತರದಲ್ಲಿ ನಿಂತು, ಫೋಕಾಸ್‌ನ ಸಾಲು ಚದುರಿದ್ದನ್ನು ನೋಡಿ ಕೆಳಗೆ ನುಗ್ಗಿದ ಅಂತ ಓದಿದ್ದೇನೆ. ಅಲ್ಲಿಂದ ಕಡಲು ಎಷ್ಟು ಹತ್ತಿರ ಕಾಣುತ್ತದೆ ನೋಡಬೇಕು.

ವಾರ್ನಾ_ಹುಡುಗಿ:
ಖಂಡಿತ. ಗುಡ್ಡದಿಂದ ಒಂದು, ಹೊಳೆ ದಡದಿಂದ ಒಂದು.